ಮಷಿನ್ ನಡೆಸುವ ಡಾಕ್ಟರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕರಲ್ಲಿ ಯಾವ ಊರಿನ ಆಸ್ಪತ್ರೆ ಎಂದು ದಯವಿಟ್ಟು ಕೇಳಬೇಡಿ. ಹೇಳಿದರೆ ನಾಳೆ ಅಲ್ಲೇ ಕೈ ಚಾಚಿ ಮಲಗಬೇಕಾದವನು ನಾನು. ಮೂವತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿ, ಕೊನೆಗೆ ಎರಡೂ ಕಿಡ್ನಿ ಕೆಡಿಸಿಕೊಂಡವನು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು ಡಯಾಲಿಸಿಸ್ ಮಷಿನ್ನಿಗೆ ಕಟ್ಟಿಸಿಕೊಂಡು ಕೂಡುವುದೇ ಈಗ ನನ್ನ ನೌಕರಿ. ಅಲ್ಲಿ ನಮ್ಮ ರಕ್ತ ತೊಳೆಯುವ ಹುಡುಗಿ ನಾಜಿಮಾ. ಹುಡುಗಿ ಅಂದೆ, ಮೂವತ್ತೈದು ದಾಟಿದೆ, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ.

ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಲಾರಿ ಓಡಿಸುವ ಬಡೇಸಾಬರ ಹಿರಿಯ ಮಗಳು. ಧಾರವಾಡದಲ್ಲಿ ಡಿಪ್ಲೊಮಾ ಮಾಡಿ ಈ ಆಸ್ಪತ್ರೆಗೆ ಗುತ್ತಿಗೆ ಕೆಲಸಕ್ಕೆ ಸೇರಿದಳು. ಹನ್ನೊಂದು ವರ್ಷದಿಂದ ಬೆಳಗಿನ ಐದೂವರೆಯ ಬಸ್ಸು ತಪ್ಪಿಸಿಲ್ಲ. ಐದು ಮಷಿನ್ನಿನಲ್ಲಿ ಎರಡು ಕೆಟ್ಟು ಮೂಲೆ ಸೇರಿವೆ. ಉಳಿದ ಮೂರನ್ನೂ ಅವಕ್ಕೆ ಜೋತುಬಿದ್ದ ನಮ್ಮನ್ನೂ ಈಕೆಯೊಬ್ಬಳೇ ನೋಡಬೇಕು. ತಾಯಿ ಶರೀಫಾಬಿ ಮದುವೆಯ ಮಾತೆತ್ತಿದಾಗಲೆಲ್ಲ ಈಕೆಯದು ಒಂದೇ ಉತ್ತರ: "ಪರ್ಮನೆಂಟ್ ಆಗಲಿ, ತಡಿ." ಎತ್ತಿ ಎತ್ತಿ ಆ ತಾಯಿಗೂ ಸಾಕಾಯಿತು.

ದೊಡ್ಡ ಡಾಕ್ಟರು ವಾರಕ್ಕೆ ಎರಡು ಸಲ ಬಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಕೆಟ್ಟವರಲ್ಲ. ಆದರೆ ಮಷಿನ್ ಕೂಗಿಕೊಂಡರೆ ಅವರೂ ನಾಜಿಮಾಳ ಮುಖವನ್ನೇ ನೋಡುತ್ತಾರೆ.

ಗೋಡೆಯ ಮೇಲೊಂದು ಟೀವಿ ಇದೆ. ದಿನಾ ಹನ್ನೊಂದಕ್ಕೆ ಅದರಲ್ಲಿ ಆಸ್ಪತ್ರೆಯ ಧಾರಾವಾಹಿಯ ಮರುಪ್ರಸಾರ. ನೀಲಿ ಕೋಟಿನ ಒಬ್ಬ ಡಾಕ್ಟರು ಹೃದಯ ಕೊಯ್ಯುತ್ತಾನೆ, ಮಿದುಳು ಹೊಲಿಯುತ್ತಾನೆ, ಹೆರಿಗೆ ಮಾಡಿಸುತ್ತಾನೆ, ಮಂತ್ರಿಗೆ ಬುದ್ಧಿ ಹೇಳುತ್ತಾನೆ. ನರ್ಸುಗಳು ಕತ್ತರಿ ಕೊಡುವುದಕ್ಕೆ ಮತ್ತು ಅಳುವುದಕ್ಕೆ. ನೆಲ ಒರೆಸುವ ಹೆಂಗಸು ಮಾತ್ರ ನಮ್ಮ ಕಡೆಯ ಭಾಷೆ ಆಡುತ್ತಾಳೆ, ಅದೂ ಜನ ನಗಲಿ ಎಂದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈಯುತ್ತಿದ್ದೆ. ಪಕ್ಕದ ಕುರ್ಚಿಯ ಹಣಮಂತಪ್ಪ, "ಮಾಸ್ತರ, ಸ್ವಲ್ಪ ಸುಮ್ಮಕುಂತ್ರಿ, ಕೇಳವಲ್ದು" ಎನ್ನುತ್ತಿದ್ದ.

ಹಣಮಂತಪ್ಪ ಉಗರಗೋಳದವನು. ದೇವಿಯ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಕರ್ಪೂರ, ಭಂಡಾರದ ಅರಿಸಿಣ ಮಾರುವ ಅಂಗಡಿ. ಜೀವಮಾನವೆಲ್ಲ ತೆಂಗಿನಕಾಯಿ ಮಾರಿದವನಿಗೆ ಎಳನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದಾಗ ಗಟ್ಟಿಯಾಗಿ ನಕ್ಕುಬಿಟ್ಟಿದ್ದ. ಮೂರು ವರ್ಷದ ಹಿಂದೆ ಮೊದಲ ಸಲ ಬಂದ ದಿನ ಮಾತ್ರ ನಗಲಿಲ್ಲ. ನಳಿಗೆಯಲ್ಲಿ ತನ್ನ ರಕ್ತ ಹೊರಗೆ ಹೋಗುವುದನ್ನು ಕಂಡು ಸೂಜಿ ಕಿತ್ತುಕೊಳ್ಳಲು ಹೋದ. ಹೆಂಡತಿ ಮುದಕವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾಜಿಮಾ ಅವನ ಕೈ ಹಿಡಿದು ಟೀವಿ ತೋರಿಸಿದಳು.

"ಅಜ್ಜಾರ, ಅಲ್ಲಿ ನೋಡ್ರಿ. ಆ ಡಾಕ್ಟರ್ ನಡಸಾಕ ಹತ್ಯಾರಲ್ಲ, ಇದ ಮಷಿನ್ ಅದು. ನಮ್ಮ ದೊಡ್ಡ ಡಾಕ್ಟರೂ ಹಂಗ. ಏನರ ಆದ್ರ ಓಡಿ ಬಂದು ತಾವ ನಡಸ್ತಾರ. ಅಂಜಬ್ಯಾಡ್ರಿ."

ಸುಳ್ಳು. ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಮುದುಕ ಕೈ ಸಡಿಲಿಸಿದ. ಆವತ್ತಿನಿಂದ ಮೂರು ವರ್ಷ ಒಂದು ದಿನವೂ ಅಂಜಲಿಲ್ಲ.

ಈ ವರ್ಷ ಗುತ್ತಿಗೆ ಇನ್ನೊಂದು ಕಂಪನಿಗೆ ಹೋಯಿತು. ಹೊಸಬರು ಒಂದು ಕಾಗದ ಕಳಿಸಿದರು: ಇವತ್ತೇ ಕೆಲಸಕ್ಕೆ ಸೇರಿದ್ದೇನೆ, ಹಿಂದಿನ ಸೇವೆಯ ಮೇಲೆ ಯಾವ ಹಕ್ಕೂ ಇಲ್ಲ ಎಂದು ಸಹಿ ಮಾಡಬೇಕು. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಡಯಾಲಿಸಿಸ್ ಟೆಕ್ನಿಶಿಯನ್‌ಗಳೆಲ್ಲ ಸೇರಿ ಸೋಮವಾರದಿಂದ ಬೆಳಗಾವಿಯಲ್ಲಿ ಧರಣಿ ಕೂಡುವುದೆಂದು ನಿಶ್ಚಯಿಸಿದರು.

ಹಣೆಬರಹ ನೋಡಿ, ಅದಕ್ಕೆ ಎರಡು ವಾರ ಮೊದಲು ಧಾರಾವಾಹಿಯಲ್ಲೂ ಮುಷ್ಕರ, ನಮ್ಮ ಕಡೆಯ ಮಾತಲ್ಲಿ ಸಂಪು, ಆಗಿತ್ತು. ಅದರ ಮುಖಂಡ ಎದುರಾಳಿ ಆಸ್ಪತ್ರೆಯವರಿಂದ ದುಡ್ಡು ತಿಂದವನು. "ಡಾಕ್ಟರಿಗೆ ಮಷಿನ್ ನಡೆಸೋಕೆ ಬರಲ್ಲ, ನೋಡೋಣ ಏನ್ ಮಾಡ್ತಾರೆ" ಎಂದು ಗೇಟಿನಲ್ಲಿ ನಿಂತು ಕೊಂಕು ನಗುತ್ತಾನೆ. ನೀಲಿ ಕೋಟು ಒಳಗೆ ಹೋಗಿ ಎರಡು ಗುಂಡಿ ಒತ್ತುತ್ತದೆ. ಸಂಗೀತ. ಹೊರಗೆ ನರ್ಸುಗಳು ಅತ್ತು ಬಾವುಟ ಕೆಳಗಿಡುತ್ತಾರೆ. ಮಂತ್ರಿ ಬಂದು ಎಲ್ಲ ಬೇಡಿಕೆಗೂ ಒಪ್ಪಿದೆ ಎನ್ನುತ್ತಾನೆ. ಮೂರು ಕಂತಿನಲ್ಲಿ ಮುಗಿಸಿ ಕೈ ತೊಳೆದುಕೊಂಡರು. ನಮ್ಮ ಕೋಣೆಯಲ್ಲಿ ಚಪ್ಪಾಳೆ ಬಿತ್ತು. ನಾಜಿಮಾ ನನ್ನ ಸೂಜಿ ತೆಗೆಯುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಅವರ ಬೇಡಿಕಿ ಏನಿತ್ರಿ ಮಾಸ್ತರ? ಅದನ್ನೊಂದು ಹೇಳಲೇ ಇಲ್ಲ."

ನಮ್ಮನ್ನು ಅವಳು ಹಾಗೇ ಬಿಟ್ಟು ಹೋಗಲಿಲ್ಲ. ಇದನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಬೆಳಗಾವಿಯ ಖಾಸಗಿ ಆಸ್ಪತ್ರೆಗಳಿಗೆಲ್ಲ ಫೋನ್ ಹಚ್ಚಿ ಸೋಮವಾರದ ಏಳು ಮಂದಿಗೂ, ಮುಂದಿನ ದಿನಗಳವರಿಗೂ ಜಾಗ ಹಿಡಿದಳು. ಚಿಕ್ಕಪ್ಪನ ಮಗ ಅಮೀರ್‌ನ ವ್ಯಾನು ಗೊತ್ತು ಮಾಡಿದಳು. ಒಬ್ಬೊಬ್ಬರಿಗೂ ಎಷ್ಟು ಗಂಟೆಗೆ, ಯಾವ ಬಾಗಿಲು ಎಂದು ಚೀಟಿ ಬರೆದುಕೊಟ್ಟಳು.

ಸೋಮವಾರ ಬೆಳಿಗ್ಗೆ ವ್ಯಾನು ಆಸ್ಪತ್ರೆಯ ಮುಂದೆ ನಿಂತಿತ್ತು. ಆರು ಮಂದಿ ಹತ್ತಿದೆವು. ಹಣಮಂತಪ್ಪ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ.

"ನೀವು ಹೋಗ್ರಿ. ನನಗ ಅಷ್ಟು ದೂರ ಆಗೂದಿಲ್ಲ. ಡಾಕ್ಟರ್ ಬರತಾರ."

"ಅವರಿಗೆ ಮಷಿನ್ ಚಾಲೂ ಮಾಡಾಕೂ ಬರೂದಿಲ್ಲೋ ಮಾರಾಯಾ. ಏಳು" ಎಂದೆ.

"ನಿಮಗ ಮೊದಲಿಂದ ಡಾಕ್ಟರ್ ಕಂಡ್ರ ಆಗೂದಿಲ್ಲ ಮಾಸ್ತರ" ಎಂದು ನಕ್ಕ. ಮೂರು ವರ್ಷ ಟೀವಿಗೆ ಬೈದದ್ದರ ಫಲ ನನಗೆ ಅಲ್ಲಿ ಸಿಕ್ಕಿತು. ನನ್ನ ಮಾತಿಗೆ ಮೂರು ಕಾಸಿನ ಬೆಲೆ ಉಳಿದಿರಲಿಲ್ಲ.

ನಾಜಿಮಾಳಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದೆ. ಧರಣಿಯ ಗದ್ದಲದಲ್ಲಿ ಅವಳು ಕೂಗಿ ಹೇಳುವುದು ನನಗೂ ಕೇಳಿಸಿತು. "ಅಜ್ಜಾರ, ವ್ಯಾನ್ ಹತ್ರಿ. ಡಾಕ್ಟರಿಗೆ ಮಷಿನ್ ನಡಸಾಕ ಬರೂದಿಲ್ರಿ. ಆವತ್ತ ನಾ ಸುಳ್ಳ ಹೇಳಿದ್ದೆ. ನಿಮ್ಮ ಕಾಲಿಗೆ ಬೀಳತೇನಿ, ಹತ್ರಿ."

ಹಣಮಂತಪ್ಪ ಫೋನ್ ನನಗೆ ವಾಪಸು ಕೊಟ್ಟು ಪ್ರೀತಿಯಿಂದಲೇ ಹೇಳಿದ: "ಪಾಪ, ಸಂಪಿನ್ಯಾಗ ಕುಂತಾಕಿ ಹಂಗ ಹೇಳಬೇಕಾಕ್ಕತಿ. ಟೀವಿಯೊಳಗೂ ಅವರು ಹಂಗ ಅಂದ್ರು. ಡಾಕ್ಟರ್ ನಡಸಲಿಲ್ಲೇನು? ಹುಡುಗಿ ತನ್ನ ಸಂಪ ಗೆಲ್ಲಲಿ. ನಾ ಇಲ್ಲೇ ಕುಂಡರತೇನಿ."

ಬೆಳಗಾವಿಯಲ್ಲಿ ನಮ್ಮ ಸಮಯ ಮೀರುತ್ತಿತ್ತು. ಅಮೀರ್ ನನ್ನ ಮುಖ ನೋಡಿದ. ನಡಿ ಎಂದೆ. ಹೌದು, ನಾನೇ ಅಂದೆ. ಎತ್ತಿ ಒಳಗೆ ಹಾಕಿಕೊಂಡು ಹೋಗಬಹುದಿತ್ತು.

ಆತ ಅಲ್ಲೇ ನಾಲ್ಕು ಗಂಟೆಯ ತನಕ ಕೂತಿದ್ದನಂತೆ. ದೊಡ್ಡ ಡಾಕ್ಟರು ಬಂದು ಬೆಳಗಾವಿಗೆ ಹೋಗು ಎಂದು ಚೀಟಿ ಬರೆದು ಹೋದರು. "ನನಗ ಇನ್ನೂ ಏನೂ ಆಗಿಲ್ಲಲ್ಲ, ಆದಾಗ ಬರತಾರ" ಅಂದನಂತೆ. ಮಂಗಳವಾರವೂ ಬಂದು ಕೂತ, ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಉಗರಗೋಳದ ಮನೆಯಲ್ಲೇ ತೀರಿಕೊಂಡ.

ಧರಣಿ ಗುರುವಾರ ಮುಗಿಯಿತು. ಮಂತ್ರಿ ಬರಲಿಲ್ಲ. ಯಾರೋ ಅಧಿಕಾರಿ ಬಂದು ಸಮಿತಿ ಮಾಡುತ್ತೇವೆ, ಮೊದಲು ಸಹಿ ಮಾಡಿ ಎಂದರು. ನಾಜಿಮಾ ಸಹಿ ಮಾಡಿದಳು. ಹನ್ನೊಂದು ವರ್ಷ ಕೆಲಸ ಮಾಡಿದವಳು ಆ ಶುಕ್ರವಾರ ಹೊಸದಾಗಿ ಸೇರಿ, ಅದೇ ಏಪ್ರನ್ ಹಾಕಿಕೊಂಡು, ಮೂರನೆಯ ಮಷಿನ್ನಿನ ಮುಂದೆ ನಿಂತಳು.

ಹದಿಮೂರು ದಿನ ಕಳೆದ ಮೇಲೆ ಮುದಕವ್ವ, ಗಂಡ ಹೊದ್ದುಕೊಂಡು ಹೋಗಿದ್ದ ಆಸ್ಪತ್ರೆಯ ಕಂಬಳಿ ವಾಪಸು ಕೊಡಲು ಬಂದಳು. ನಾಜಿಮಾ ಎದ್ದು ನಿಂತಳು. ಮುದುಕಿ ಬಾಯಿಗೆ ಬಂದಂತೆ ಬೈಯಲಿ ಎಂದು ಕಾಯುತ್ತಿದ್ದಳು ಅನಿಸುತ್ತದೆ. ನಾನೂ ಕಾಯುತ್ತಿದ್ದೆ; ಬೈದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು.

ಮುದಕವ್ವ ಅವಳ ಗಲ್ಲ ಸವರಿದಳು. "ನಿನ್ನ ಮ್ಯಾಲ ಅವರಿಗೆ ಸಿಟ್ಟಿರಲಿಲ್ಲವ್ವಾ. ಉಸರ ಹಿಡೀಲಾರದಂಗಾದಾಗ ನಾ ಅತ್ತೆ, ಬೆಳಗಾವಿಗಿ ಹೋಗೂಣು ಅಂದೆ. ಡಾಕ್ಟರ್ ಬರತಾರ, ನಾಜಿಮಾ ಸುಳ್ಳ ಹೇಳಾಕಿ ಅಲ್ಲ ಅಂದ್ರು. ಅದ ಕಡೀ ಮಾತು."

ಕಂಬಳಿ ಕುರ್ಚಿಯ ಮೇಲಿಟ್ಟು ಹೋದಳು. ನಾಜಿಮಾ ಅದನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಮರುವಾರ ಆ ಕುರ್ಚಿಗೆ ರಾಮದುರ್ಗದ ಕಡೆಯಿಂದ ಬಾಯವ್ವ ಎಂಬ ಹೆಂಗಸು ಬಂದಳು. ನಲವತ್ತು ಇರಬಹುದು. ಸೂಜಿ ಕಂಡು ಕುರ್ಚಿಯ ಅಂಚಿಗೆ ಸರಿದಳು. "ಏನರ ಆದ್ರ ಡಾಕ್ಟರ್ ಬರತಾರೇನ್ರಿ?" ಎಂದು ಕೇಳಿದಳು. ಎದುರಿಗೆ ಟೀವಿಯಲ್ಲಿ ನೀಲಿ ಕೋಟು ಯಾರದೋ ಎದೆ ಒತ್ತುತ್ತಿತ್ತು. ನಾಜಿಮಾ ಅತ್ತ ತಿರುಗಿ ನೋಡಿದಳು.

"ಯಾರೂ ಬರೂದಿಲ್ರಿ" ಎಂದಳು. "ನಾ ಒಬ್ಬಾಕಿನ ಇರತೇನಿ."

ಬಾಯವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಎಷ್ಟು ಹೇಳಿದರೂ ಕೇಳದೆ ಸೆರಗು ಹೊದ್ದು ಎದ್ದು ಹೋದಳು. ನಾಜಿಮಾ ಬಸ್ ಸ್ಟ್ಯಾಂಡಿನ ತನಕ ಅವಳ ಹಿಂದೆ ಓಡಿ, ಒಬ್ಬಳೇ ವಾಪಸು ಬಂದಳು. ಬಾಯವ್ವ ಮತ್ತೆ ಬರಲಿಲ್ಲ. ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ನಮಗೆ ಗೊತ್ತಿಲ್ಲ.

"ಏನ್ ಹೇಳಬೇಕಿತ್ರಿ ಮಾಸ್ತರ?" ಎಂದು ನನ್ನ ಕೇಳಿದಳು. ಊರ ಉಸಾಬರಿಗೆಲ್ಲ ಬಾಯಿ ಹಾಕುವ ನಾನು ಟೀವಿಯ ಕಡೆ ಮುಖ ತಿರುಗಿಸಿದೆ.