ಇಸ್ತ್ರಿಯಕ್ಕನ ಬೆಚ್ಚನೆ ಕೋಣೆ

ಬೀದಿ ಇನ್ನೂ ಮೈಮುರಿಯುತ್ತಿರುವ ಹೊತ್ತು. ಸಾಕುಪ್ರಾಣಿಗಳ ಅಂಗಡಿಯ ಹಿಂಬಾಗಿಲ ಬೀಗ ತೆಗೆದು ಇಸ್ತ್ರಿಯಕ್ಕ ಒಳಗೆ ಕಾಲಿಡುತ್ತಾರೆ. ಚಪ್ಪಲಿ ಹೊರಗೆ, ಸ್ವೆಟರ್ ಮೊಳೆಗೆ. ಹೊರಗೆ ಹಲ್ಲು ಕಟಕಟ ಎನ್ನುವ ಚಳಿಯಿದ್ದರೂ ಈ ಹಿಂದಿನ ಕೋಣೆ ಸದಾ ಬೆಚ್ಚಗೆ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ಹಾವು. ಪರವೂರಿಗೆ ಹೊರಟವರು, ಆಸ್ಪತ್ರೆ ಸೇರುವವರು, ಮನೆಗೆ ಬಣ್ಣ ಹೊಡೆಸುವವರು ತಮ್ಮ ಮುದ್ದಿನ ಹಾವುಗಳನ್ನು ಬಿಟ್ಟುಹೋಗುವುದು ಇಲ್ಲಿ, ಇಸ್ತ್ರಿಯಕ್ಕನ ಸುಪರ್ದಿಗೆ.

ದಿನವೂ ಬಾಗಿಲ ಪಕ್ಕದ ಪೆಟ್ಟಿಗೆಯಿಂದ ಶುರು ಮಾಡುವವರು ಇವತ್ತು ನೆಟ್ಟಗೆ ಮೂಲೆಗೆ ನಡೆಯುತ್ತಾರೆ. ಮೂಲೆಯ ಪೆಟ್ಟಿಗೆಯಲ್ಲಿರುವುದು ಸೋಂಬೇರಿ. ಹೆಬ್ಬಾವಿನ ಜಾತಿಯದೇ, ಆದರೆ ಮಡಿಲಲ್ಲಿ ಹಿಡಿಸುವಷ್ಟು ಗಾತ್ರ. ಇಟ್ಟಲ್ಲಿ ಇಟ್ಟ ಹಾಗೆ ಬಿದ್ದಿರುತ್ತದೆಂದು ಅದರ ಯಜಮಾನರಾದ ಡ್ರಾಯಿಂಗ್ ಮೇಷ್ಟ್ರೇ ಇಟ್ಟ ಹೆಸರು. ಗಾಜಿಗೆ ಹಣೆ ತಾಗಿಸಿ ನೋಡಿದ ಇಸ್ತ್ರಿಯಕ್ಕ, "ಅಯ್ಯೋ ನನ್ ಬಂಗಾರಾ, ಬಿಟ್ಬಿಟ್ಯಾ!" ಎಂದು ಎದೆ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಹಾವು ಪೊರೆ ಬಿಟ್ಟಿದೆ. ಆದರೆ ಕಲ್ಲಿನ ಪಕ್ಕ ಬಿದ್ದಿರುವ ಆ ಪೊರೆಯನ್ನು ಎತ್ತಿಕೊಳ್ಳಲು ಕೈ ಮುಂದೆ ಹೋಗುವುದಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಅವರ ಕೆಲಸ ನೋಡಲು ಬಂದ ನಮಗೆ ಹೇಳುತ್ತಾರೆ:

"ಇರಿ, ಸ್ವಲ್ಪ ಧೈರ್ಯ ಬರ್ಲಿ. ಹೊಟ್ಟೆ ಭಾಗ ನೋಡ್ಬೇಕು. ಅದೊಂದು ಸರಿ ಇದ್ರೆ ನಾನು ಗೆದ್ದೆ."

ಧೈರ್ಯ ಬರುವಷ್ಟರಲ್ಲಿ ಅವರ ಕಥೆ ಹೇಳಿಬಿಡಬಹುದು. ಹಾವಿಗೂ ಇವರಿಗೂ ಹಿಂದೆ ಯಾವ ನಂಟೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿದವರು. ಅಂಗಿ, ಪ್ಯಾಂಟು, ಹೋಟೆಲಿನ ಹಾಸಿಗೆ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಏನು ಬಂದರೂ ಇವರ ಮೇಜಿಗೆ. ಆಮೇಲೆ ಲಾಂಡ್ರಿಯೇ ಮುಚ್ಚಿತು. "ಒಗೆದು ಕೊಡವಿ ಹಾಕ್ಕೊಂಡ್ರೆ ಸಾಕು ಅನ್ನೋ ಬಟ್ಟೆ ಬಂದ್ವಲ್ಲ. ನನ್ನ ಯಾರು ಕೇಳ್ತಾರೆ?" ಎಂದು ನಗುತ್ತಾರೆ. ಪಕ್ಕದ ಅಂಗಡಿಯವರು, "ಬಿಸಿ ಜತೆ ಏಗಿದವರು ನೀವು, ನಮ್ಮ ಹಾವುಗಳನ್ನ ಬೆಚ್ಚಗಿಡೋಕೆ ಬನ್ನಿ" ಎಂದು ಕರೆದರಂತೆ. "ಹಾವು ಅಂದ ತಕ್ಷಣ ನಂಗೆ ಅನ್ನ ಸೇರ್ಲಿಲ್ಲ. ಅಳುಕ್ತಾ ಅಳುಕ್ತಾ ಬಂದೆ. ನೋಡಿದ್ರೆ ಪಾಪ, ಅವೇ ನನ್ನ ಕಂಡು ಮುದುರ್ಕೊಂಡ್ವು!"

ನೋಡುವುದಕ್ಕೆ ಹಗುರ ಕೆಲಸ. ಮಾಡಿದವರಿಗೇ ಗೊತ್ತು ಅದರ ಪಾಡು. ಹಾವಿಗೆ ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳಲು ಬರುವುದಿಲ್ಲ. ಸುತ್ತಲಿನ ಬಿಸಿಯನ್ನೇ ಎರವಲು ಪಡೆಯಬೇಕು. ಆದ್ದರಿಂದ ಪೆಟ್ಟಿಗೆಯ ಒಂದು ಬದಿಗೆ ಕೆಳಗಡೆ ಕರೆಂಟಿನ ಪ್ಯಾಡ್ ಹಾಕಿ ಮೂವತ್ತೆರಡು ಡಿಗ್ರಿ ಬಿಸಿ ಕೊಡುತ್ತಾರೆ, ಇನ್ನೊಂದು ಬದಿಯನ್ನು ತಂಪಾಗಿ ಬಿಡುತ್ತಾರೆ. "ಒಲೆ ಪಕ್ಕ ಕೂತೋರು ಸೆಕೆ ಆದ್ರೆ ಬಾಗಿಲಿಗೆ ಬರಲ್ವಾ? ಇದಕ್ಕೂ ಹಾಗೇ, ಬೇಕಾದಲ್ಲಿಗೆ ಹೋಗೋ ಸ್ವಾತಂತ್ರ್ಯ ಬೇಕು." ಬಿಸಿ ಕಮ್ಮಿಯಾದರೆ ತಿಂದದ್ದು ಅರಗದು, ಎದೆಯಲ್ಲಿ ಕಫ ಕಟ್ಟುತ್ತದೆ. ಜಾಸ್ತಿಯಾದರೆ ಸುಡುತ್ತದೆ. ಕರೆಂಟು ಹೋದರಂತೂ ಬಾಟಲಿಗಳಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಓಡಾಟ. ಹಡೆದ ಮಕ್ಕಳಿಗೂ ಇಷ್ಟು ಒದ್ದಾಡಿಲ್ಲವೆಂದು ಅವರೇ ಹೇಳುತ್ತಾರೆ.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು, ಹೋದ ತಿಂಗಳ ಒಂದು ಬೆಳಗಿನವರೆಗೆ. ಡ್ರಾಯಿಂಗ್ ಮೇಷ್ಟ್ರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ತಾಯಿಯ ಆರೈಕೆಗೆ ಹೊರಟ ಮೇಷ್ಟ್ರು ಸೋಂಬೇರಿಯನ್ನು ತಂದು ಇಸ್ತ್ರಿಯಕ್ಕನ ಕೈಗಿಟ್ಟು, "ಅಮ್ಮ ಒಂದು ಕಣ್ಣಾದ್ರೆ ಇದು ಇನ್ನೊಂದು, ಅಕ್ಕಾ" ಎಂದು ಹೇಳಿ ಹೋಗಿದ್ದರು.

ಆ ಬೆಳಗ್ಗೆ ಇಸ್ತ್ರಿಯಕ್ಕನ ನಾದಿನಿ ಎಂದಿನಂತೆ ಚಹಾದ ಫ್ಲಾಸ್ಕ್ ಹಿಡಿದು ಬಂದರು. ಹೊಲಿಗೆ ಕೆಲಸದವರು, ಅತ್ತಿಗೆಯ ಜತೆ ಒಂದೇ ಮನೆಯಲ್ಲಿರುವವರು. ಹಲ್ಲಿ ಕಂಡರೂ ಕುರ್ಚಿ ಹತ್ತುವ ಹೆಣ್ಣುಮಗಳು. ಈ ಕೋಣೆಯ ಹೊಸ್ತಿಲು ಅವರ ಪಾಲಿಗೆ ಲಕ್ಷ್ಮಣರೇಖೆ. ಚಳಿಗೆ ಬೆರಳು ಮರಗಟ್ಟಿವೆ, ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ ಎಂದು ಅಲ್ಲಿಂದಲೇ ಗೊಣಗಿದರು. ಇಸ್ತ್ರಿಯಕ್ಕ ಆಗಷ್ಟೇ ಸೋಂಬೇರಿಯ ಕೆಳಗೆ ಹಾಸಿದ ಕಾಗದದಡಿ ಅಂಗೈ ತೂರಿಸಿ, ಹದವಾಗಿದೆ ಎಂದು ತಲೆದೂಗಿದ್ದರು. ನಾದಿನಿಯನ್ನು ರೇಗಿಸುವ ಚಪಲ. "ಬಾರೇ ಇಲ್ಲಿ, ಕೈ ಕಾಯಿಸ್ಕೋ. ಉಗುರುಬೆಚ್ಚಗೆ ಎಷ್ಟು ಹಿತವಾಗಿದೆ ನೋಡು!" ಎಂದು ಕೈಹಿಡಿದು ಎಳೆದೇಬಿಟ್ಟರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಾದಿನಿ ಕಾಗದದಡಿ ಬೆರಳಿಟ್ಟರು.

"ಅಯ್ಯಯ್ಯಪ್ಪಾ, ಸುಡ್ತಿದೆ ಅತ್ತಿಗೆ! ಇದು ಉಗುರುಬೆಚ್ಚಗಾ? ಕಾದ ಬಾಣಲೆ ಇದ್ದ ಹಾಗಿದೆಯಲ್ಲ!"

ಹೆದರಿಕೆಗೆ ಹಾಗಂದಳೆಂದು ಇಸ್ತ್ರಿಯಕ್ಕ ನಗಲು ಹೋದರು. ನಾದಿನಿಯ ಕೆಂಪಾದ ಬೆರಳ ತುದಿ ಕಂಡಿದ್ದೇ ನಗು ಅಲ್ಲೇ ಸತ್ತಿತು. ಪ್ಲಗ್ ಕಿತ್ತರು, ಹಾವನ್ನು ಎತ್ತಿದರು. ಅದರ ಹೊಟ್ಟೆಯಡಿ ಅಂಗೈಯಗಲ ಕೆಂಪು. ಬಿಸಿಯನ್ನು ಅಳೆದು ಪ್ಯಾಡಿಗೆ ಹೇಳಬೇಕಾದ ಸೆನ್ಸರ್ ವೈರು ಟೇಪು ಬಿಟ್ಟುಕೊಂಡು ನೀರಿನ ಬಟ್ಟಲಿಗೆ ಬಿದ್ದಿತ್ತು. "ನೀರು ತಣ್ಣಗಿತ್ತಲ್ಲ, ಪೆಟ್ಟಿಗೆನೇ ತಣ್ಣಗಿದೆ ಅಂದ್ಕೊಂಡು ಆ ಪೆದ್ದು ವೈರು ಕಾಯಿಸು ಕಾಯಿಸು ಅಂತಾನೇ ಇತ್ತು. ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಅಳೆಯೋದು ಬರೀ ಗಾಳಿನ. ಅದೂ ಎಲ್ಲ ಸರಿ ಇದೆ ಅಂತು. ನಾನೂ ಸರಿ ಇದೆ ಅಂದೆ!"

ಇಸ್ತ್ರಿಯಕ್ಕ ತಮ್ಮ ಅಂಗೈಗಳನ್ನು ಮುಂದೆ ಚಾಚಿ ತೋರಿಸುತ್ತಾರೆ. ಜಡ್ಡುಗಟ್ಟಿ, ಹೊಳಪಾಗಿ, ರೇಖೆಗಳೇ ಅಳಿಸಿಹೋದ ಕೈ. ಇಸ್ತ್ರಿಪೆಟ್ಟಿಗೆಯ ಜತೆಗೇ ಬಾಳಿದ ಈ ಕೈಗೆ ಬೇರೆಯವರ ಬೊಬ್ಬೆ ಬರಿಸುವ ಬಿಸಿಯೂ ಬಿಸಿಯಲ್ಲ. ಅದು ಅವರಿಗೂ ಅಂದೇ ಗೊತ್ತಾದದ್ದು. ಸುಡುತ್ತಿದ್ದರೆ ಹಾವು ಯಾಕೆ ಸರಿದುಹೋಗಲಿಲ್ಲ? ಕೆಳಗಿನಿಂದ ಬರುವ ಬಿಸಿ ಎಷ್ಟೋ ಸಲ ಹಾವಿಗೆ ಅಪಾಯವೆಂದು ತಿಳಿಯುವುದೇ ಇಲ್ಲ, ಬೆಂದರೂ ಮಲಗೇ ಇರುತ್ತದೆ ಎಂದು ಸೋಂಬೇರಿಯನ್ನು ಪರೀಕ್ಷಿಸಿದ ಪ್ರಾಣಿಗಳ ಡಾಕ್ಟರಮ್ಮ ವಿವರಿಸಿದರು. ಮುಲಾಮು ಕೊಟ್ಟರು. ಕಲೆ ಉಳಿಯುತ್ತದೋ ಇಲ್ಲವೋ, ಪೊರೆ ಬಿಟ್ಟ ಮೇಲೆ ನೋಡೋಣ ಎಂದರು. ಸುಟ್ಟದ್ದು ಆಳಕ್ಕೆ ಇಳಿದಿದ್ದರೆ ಅಲ್ಲಿ ಪೊರೆ ಅಂಟಿಕೊಂಡು ಹರಿಯುತ್ತದೆ, ಆ ತಾಪತ್ರಯ ಜೀವನಪೂರ್ತಿ.

ವಾಸಿಯಾದ ಮೇಲೆ ಮೇಷ್ಟ್ರಿಗೆ ಹೇಳಿದರಾಯಿತು ಎಂದು ಅಂಗಡಿಯವರು ಸಮಾಧಾನ ಹೇಳಿದರು. ಇಸ್ತ್ರಿಯಕ್ಕ ಕೇಳಲಿಲ್ಲ, ಆಗಲೇ ಫೋನ್ ಮಾಡಿದರು. "ನಂಬಿ ಬಿಟ್ಟುಹೋದವರಿಗೆ ಮುಚ್ಚಿಟ್ರೆ ನಂಗೆ ನಿದ್ದೆ ಹತ್ತುತ್ತಾ? ಬೈದ್ರೆ ಬೈಸ್ಕೊಳೋಣ ಅಂತ ಹೇಳ್ಬಿಟ್ಟೆ. ಅವ್ರು ಬೈದಿದ್ರೇ ಚೆನ್ನಾಗಿತ್ತು. 'ನಾನೇ ಬಂದು ನೋಡ್ತೀನಿ' ಅಂದ್ರು, ಅಷ್ಟೇ." ಮೇಷ್ಟ್ರು ಬರುವುದು ಇವತ್ತೇ.

ಅಷ್ಟರಲ್ಲಿ ನಾದಿನಿ ಬರುತ್ತಾರೆ. ಇಂದು ಅವರು ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ಆ ಬೆಳಗಿನ ನಂತರ ಸೆನ್ಸರುಗಳಿಗೆಲ್ಲ ಟೇಪಿನ ಬದಲು ಗಟ್ಟಿ ಕ್ಲಿಪ್ಪು ಬಂದಿದೆ, ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲಿನಂಥ ಉಪಕರಣವೂ ಬಂದಿದೆ. ಇಷ್ಟು ಸಾಲದೆಂಬಂತೆ ನಾದಿನಿಯೂ ಬರುತ್ತಿದ್ದಾರೆ. ಅತ್ತಿಗೆ ಒಂದೊಂದೇ ಹಾವನ್ನು ಎತ್ತಿ ಹಿಡಿದರೆ, ಇವರು ಮುಖ ಆಚೆ ತಿರುಗಿಸಿ ಕಾಗದದಡಿ ಬೆರಳಿಡುತ್ತಾರೆ. "ಹೂಂ, ಸರಿ ಇದೆ. ಬೇಗ ಒಳಗೆ ಬಿಡಿ ಅದನ್ನ!"

ಸ್ಟೂಲಿನ ಮೇಲೆ ಕೂತೇ ಇರುವ ಅತ್ತಿಗೆಯನ್ನು ಕಂಡು ನಾದಿನಿಗೆ ವಿಷಯ ತಿಳಿಯುತ್ತದೆ. "ನೋಡ್ದೆ ಇದ್ರೆ ಇರೋದು ಬದಲಾಗುತ್ತಾ ಅತ್ತಿಗೆ?" ಎನ್ನುತ್ತ ತಾವೇ ಮುಚ್ಚಳ ತೆಗೆದು, ಎರಡೇ ಬೆರಳಲ್ಲಿ ಪೊರೆಯನ್ನು ಹಿಡಿದೆತ್ತುತ್ತಾರೆ. ಮುಖ ಹುಳ್ಳಗಾಗಿದೆ, ಆದರೂ ಬಿಡುವುದಿಲ್ಲ. ಕಿಟಕಿಯ ಬೆಳಕಿಗೆ ಬಿಡಿಸಿ ಹಿಡಿದರೆ ತಲೆಯಿಂದ ಬಾಲದ ತುದಿಯವರೆಗೆ ಒಂದೇ ಪೊರೆ. ಹೊಟ್ಟೆಯ ಹುರುಪೆಗಳ ಸಾಲು ಎಲ್ಲೂ ಮುರಿದಿಲ್ಲ. ಒಂದು ತೂತಿಲ್ಲ, ಹರುಕಿಲ್ಲ.

"ಉಸ್ಸಪ್ಪಾ!" ಇಸ್ತ್ರಿಯಕ್ಕನಿಗೆ ಹೋದ ಜೀವ ಬಂದಂತಾಗುತ್ತದೆ. ನಾದಿನಿಯನ್ನು ತಬ್ಬಿಕೊಂಡು ಅಳುತ್ತಾರೆ, ಅಳುತ್ತಲೇ ನಗುತ್ತಾರೆ. "ಮೊದ್ಲು ಇದನ್ನ ತಗೊಳ್ಳಿ ಮಾರಾಯ್ತಿ" ಎಂದು ನಾದಿನಿ ಪೊರೆಯನ್ನು ಅವರ ಕೈಗೆ ತುರುಕಿ ಸೋಪು ಹುಡುಕಿಕೊಂಡು ಓಡುತ್ತಾರೆ.

ಬಿಸಿಲೇರುವ ಹೊತ್ತಿಗೆ ಮೇಷ್ಟ್ರು ಬರುತ್ತಾರೆ. ಸೋಂಬೇರಿಯನ್ನು ತೊಡೆಯ ಮೇಲೆ ಅಂಗಾತ ಮಾಡಿ, ಕನ್ನಡಕ ಮೇಲೇರಿಸಿ, ಇಂಚಿಂಚು ನೋಡುತ್ತಾರೆ. ಇಸ್ತ್ರಿಯಕ್ಕ ಪೊರೆಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ. ಕೊನೆಗೊಮ್ಮೆ ಮೇಷ್ಟ್ರ ಮುಖ ಸಡಿಲಾಗುತ್ತದೆ, ಹಾವನ್ನು ಮತ್ತೆ ಪೆಟ್ಟಿಗೆಗೆ ಬಿಡುತ್ತಾರೆ. "ಏನೂ ಆಗಿಲ್ಲ ಅಕ್ಕಾ. ಮುಂದಿನ ತಿಂಗಳು ಅಮ್ಮನ್ನ ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಇದಕ್ಕೊಂದು ಜಾಗ ಇಟ್ಟಿರಿ."

ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆಯಿದೆ ಎಂದು ಕೇಳಿದರೆ ಇಸ್ತ್ರಿಯಕ್ಕ ಸಂಕೋಚಪಡುತ್ತಾರೆ. "ದಿನಾ ಬೆಚ್ಚಗಿಡ್ತೀನಿ. ಆದ್ರೆ ಇವಕ್ಕೆ ಹಿತ ಅನ್ಸೋ ಬಿಸಿ ಹೇಗಿರುತ್ತೆ ಅಂತ ನಂಗೆ ಗೊತ್ತೇ ಇಲ್ಲ ನೋಡಿ. ನಂಬರ್ ಗೊತ್ತು, ಬಿಸಿ ಗೊತ್ತಿಲ್ಲ. ಒಂದ್ಸಲ ಗೊತ್ತಾದ್ರೆ ಸಾಕಿತ್ತು."

ಮೇಷ್ಟ್ರು ಎದ್ದು, ಅಷ್ಟರಲ್ಲಿ ಪೆಟ್ಟಿಗೆಯ ಬೆಚ್ಚನೆ ಬದಿಯಲ್ಲಿ ಮಲಗಿ ಮೈಕಾಯಿಸಿಕೊಂಡಿದ್ದ ಸೋಂಬೇರಿಯನ್ನು ಎತ್ತಿ ಇಸ್ತ್ರಿಯಕ್ಕನ ಜಡ್ಡುಗಟ್ಟದ ಬರಿಗತ್ತಿನ ಸುತ್ತ ಮೆಲ್ಲಗೆ ಇಳಿಬಿಡುತ್ತಾರೆ. ಬಾಗಿಲಲ್ಲಿ ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಇಸ್ತ್ರಿಯಕ್ಕ ಕಣ್ಣು ಮುಚ್ಚುತ್ತಾರೆ, ಕದಲದೆ ನಿಲ್ಲುತ್ತಾರೆ. ಆಮೇಲೆ ಯಾರನ್ನು ಕೇಳುತ್ತಿದ್ದಾರೋ, ದನಿ ತಗ್ಗಿಸಿ ಕೇಳುತ್ತಾರೆ:

"ಇಷ್ಟೇನಾ? ಇಷ್ಟೇ ಇಷ್ಟು ಬಿಸಿ ಸಾಕಾ ಇದಕ್ಕೆ, ಬದುಕೋಕೆ?"