ಕಾಲು ನೋಡುವ ನಾಗವೇಣಿ

ನಮ್ಮೂರಿನ ಆಶಾ ಕಾರ್ಯಕರ್ತೆ ನಾಗವೇಣಿ ಜನರನ್ನು ಮುಖದಿಂದಲ್ಲ, ಕಾಲಿನಿಂದ ಗುರುತಿಸುತ್ತಾಳೆ. ಕೊಟ್ಟಿಗೆಗೆ ಹಾಸಲು ಕಾಡಿನಲ್ಲಿ ಒಣಗಿ ಬಿದ್ದ ದರಗೆಲೆ ಗುಡಿಸಿ ತರುವ ದಿನ ಬಂತೆಂದರೆ ಬೆಳಗಾಗುತ್ತಲೇ ಕಾಡಿನ ದಾರಿಯಲ್ಲಿ ರಕ್ತ ಹೀರುವ ಉಣುಗು ಹತ್ತದಂತೆ ಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು ನಿಂತಿರುತ್ತಾಳೆ. "ಕಾಲು ತೋರ್ಸಿ, ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ ಬರತ್ತೆ" ಎನ್ನುವುದೇ ಅವಳ ನಮಸ್ಕಾರ. ದೇವರೇ ಕಾಡಿಗೆ ಹೊರಟರೂ ಪಂಚೆ ಮೇಲೆತ್ತಿಸಿಯಾಳು! ಸಂಕೋಚಪಟ್ಟವರ ಕಾಲಿಗೆ ತಾನೇ ಬಗ್ಗಿ ಹಚ್ಚುತ್ತಾಳೆ. ಹಿರಿಯರು ಕಿರಿಯರೆನ್ನದೆ ಊರಿನ ಎಲ್ಲರ ಕಾಲು ಮುಟ್ಟಿದವಳು ಅವಳೊಬ್ಬಳೇ. ಎಣ್ಣೆಯ ವಾಸನೆಗೆ ಮೂಗು ಮುರಿದು ದಿನಾ ಬೈಯುತ್ತಿದ್ದವಳು ಮುದುಕಿ ಲೋಕಮ್ಮ. ಮೊನ್ನೆ ನಾಗವೇಣಿಯೇ ಬುಟ್ಟಿ ಹೊತ್ತು ಕಾಡಿಗೆ ಹೊರಟಾಗ ಲೋಕಮ್ಮ ಅಡ್ಡ ನಿಂತು ಬಾಟಲಿ ಕಿತ್ತುಕೊಂಡಳು. "ಎಲ್ರ ಕಾಲೂ ನೋಡ್ತೀಯಲ್ಲೇ, ನಿನ್ ಕಾಲು ಯಾರ್ ನೋಡ್ಬೇಕು?" ಎಂದು ಬೈಯುತ್ತಲೇ ಮಂಡಿಯೂರಿ ಹಚ್ಚತೊಡಗಿದಳು.