ಬೋರ್ಡಿನ ಮೇಲೆ ಬರೆಯದ ಎರಡು ಕಾಲಂ

ಮೇ ತಿಂಗಳೆಂದರೆ ನನಗೆ ಹೆದರಿಕೆ. ನಮ್ಮ ಕಡೆಯವರು ಆ ತಿಂಗಳಲ್ಲಿ ಬಿಸಿಲಿಗೆ ಹೆದರುತ್ತಾರೆ, ಕರೆಂಟು ಹೋಗುವುದಕ್ಕೆ ಹೆದರುತ್ತಾರೆ, ಸಾಲುಸಾಲು ಮದುವೆಗಳಿಗೆ ಹೆದರುತ್ತಾರೆ. ನಾನು ಹೆದರುವುದು ಯೂರೋಪಿನ ಯಾವುದೋ ಊರಿನಲ್ಲಿ ಮಂಜುಗಡ್ಡೆಯ ಮೇಲೆ ನಡೆಯುವ ಒಂದು ಆಟಕ್ಕೆ. ಹೀಗೆಂದರೆ ನಗುತ್ತಾರೆ, ನಗಲಿ. ಐಸ್ ಹಾಕಿ ಎಂಬ ಆ ಆಟ ನಮ್ಮ ಮನೆಯ ಒಬ್ಬ ಹೆಂಗಸನ್ನು ಕೆಲಸ ಬಿಡಿಸಿ ಮನೆಯೊಳಗೆ ಕೂರಿಸಿತು. ಅದರಲ್ಲಿ ನನ್ನ ಕೈಯೂ ಇದೆ.

ಅವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಅಣ್ಣ ತಮ್ಮ ಇಬ್ಬರದೂ ಒಂದೇ ಮನೆ, ಒಂದೇ ಒಲೆ. ನಾವಿಬ್ಬರೂ ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆವು. ನಾನು ಆರು ವರ್ಷ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷಿನ್ನಿನ ಮುಂದೆ ಕೂತು, ಆಮೇಲೆ ಪಿಯುಸಿ ಪಾಸಾಗಿದ್ದಕ್ಕೆ ನಮ್ಮ ಲೈನಿನ, ಎಂದರೆ ನಮ್ಮ ಮಿಷಿನ್ ಸಾಲಿನ, ರೈಟರ್ ಆದೆ. ಗಂಟೆಗೊಮ್ಮೆ ಎಷ್ಟು ಪೀಸು ಆಯಿತು ಎಂದು ಬಿಳಿ ಬೋರ್ಡಿನ ಮೇಲೆ ಬರೆಯುವುದು ಆ ಕೆಲಸ. ಅವಳು ಪಕ್ಕದ ಲೈನಿನಲ್ಲಿ ಓವರ್‌ಲಾಕ್ ಮಾಡುತ್ತಿದ್ದಳು. ಮೈದುನ ಅವಳನ್ನು ಕೆಲಸಕ್ಕೆ ಕಳಿಸಲು ಒಪ್ಪಿದ್ದೇ ನನ್ನ ಮುಖ ನೋಡಿ. ಅತ್ತಿಗೆಯ ಜೊತೆ ಹೋಗಬೇಕು, ಅತ್ತಿಗೆಯ ಜೊತೆ ಬರಬೇಕು, ಆ ಕೆಲಸ ಹೋದರೆ ಬೇರೆ ಕಡೆ ಹುಡುಕುವ ಮಾತಿಲ್ಲ, ಮನೆಯಲ್ಲಿ ರೇಷ್ಮೆ ಹುಳ ನೋಡಿಕೊಳ್ಳಬೇಕು ಎಂದು ಮೊದಲೇ ಹೇಳಿಬಿಟ್ಟಿದ್ದ. ಅವಳಿಗೆ ಆ ಮಿಷಿನ್ನೆಂದರೆ ಜೀವ. ಬೇರೆಯವರು ಸಂಬಳದ ದಿನ ನಗುತ್ತಿದ್ದರು, ಅವಳು ಬೆಳಿಗ್ಗೆ ವ್ಯಾನು ಹತ್ತುವಾಗಲೇ ನಗುತ್ತಿದ್ದಳು.

ಹೋದ ವರ್ಷ ನಮ್ಮ ಫ್ಯಾಕ್ಟರಿಗೆ ಐಸ್ ಹಾಕಿ ನೋಡುವ ಜನ ಹಾಕಿಕೊಳ್ಳುವ ಜರ್ಸಿಯ ಆರ್ಡರ್ ಬಂತು. ಅವಳ ಲೈನಿಗೆ ಒಂದು ದೇಶದ ಕೆಂಪು ಜರ್ಸಿ, ನಮ್ಮ ಲೈನಿಗೆ ಇನ್ನೊಂದು ದೇಶದ ನೀಲಿ ಜರ್ಸಿ. ಇಬ್ಬರು ಹೊಕ್ಕರೂ ಜಾಗ ಉಳಿಯುವಷ್ಟು ಅಗಲ, ಉದ್ದ ತೋಳು, ದಪ್ಪ ಬಟ್ಟೆ. ತಗಡಿನ ಚಾವಣಿಯ ಕೆಳಗೆ ಬೆವರು ಸುರಿಸುತ್ತ ಅದನ್ನು ಹೊಲಿಯುವಾಗ, ಇದನ್ನು ಹಾಕಿಕೊಳ್ಳುವಷ್ಟು ಚಳಿ ಈ ಭೂಮಿಯ ಮೇಲೆ ಇದೆಯೇ ಅನ್ನಿಸುತ್ತಿತ್ತು. ದೇಶಗಳ ಹೆಸರು ನಮ್ಮ ಬಾಯಲ್ಲಿ ಹೊರಳಲಿಲ್ಲ. ಕೆಂಪನೋರು, ನೀಲಿಯೋರು ಎಂದು ಕರೆದುಕೊಂಡೆವು. ಊಟದ ಹೊತ್ತಿನಲ್ಲಿ ಯಾರದೋ ಫೋನಿನಲ್ಲಿ ಆಟ ನೋಡಿದೆವು. ಗಂಡಸರು ತಳಕ್ಕೆ ಕತ್ತಿ ಕಟ್ಟಿದಂಥ ಬೂಟು ಹಾಕಿಕೊಂಡು ಜಾರುತ್ತ ಬಂದು, ಒಬ್ಬರನ್ನೊಬ್ಬರು ಗಾಜಿನ ಗೋಡೆಗೆ ಒತ್ತಿ ಗುದ್ದುತ್ತಿದ್ದರು. ಚೆಂಡಿನ ಬದಲು ಒಂದು ಕರಿ ಬಿಲ್ಲೆಯಂತೆ, ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಇದೇನು ಆಟವೋ ಜಗಳವೋ ಎಂದು ನಾವು ನಕ್ಕೆವು.

ನಗು ನಿಂತಿದ್ದು ಫ್ಲೋರ್ ಇನ್‌ಚಾರ್ಜ್ ಬಂದು ಮಾತಾಡಿದ ದಿನ. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಒಂದೊಂದು ಗುಂಪಿನಲ್ಲಿ ಎಂಟೆಂಟು ದೇಶ. ಎಲ್ಲರೂ ಎಲ್ಲರ ಮೇಲೆ ಆಡಿದ ಮೇಲೆ ಗುಂಪಿನಲ್ಲಿ ಕೊನೆಗೆ ನಿಂತ ದೇಶ ಮುಂದಿನ ವರ್ಷ ಕೆಳಗಿನ ದರ್ಜೆಗೆ ಬೀಳುತ್ತದೆ. ಹಾಗೆ ಬಿದ್ದ ದೇಶದ ಜರ್ಸಿ ಯಾರಿಗೂ ಬೇಡ. ಕೆಂಪನೋರು, ನೀಲಿಯೋರು ಇಬ್ಬರೂ ಒಂದೇ ಗುಂಪಿನಲ್ಲಿದ್ದಾರೆ, ಇಬ್ಬರೂ ಬಡಕಲು. ಯಾರು ಬೀಳುತ್ತಾರೋ ಅವರ ಲೈನು ಒಡೆಯುತ್ತೇವೆ, ಆ ಲೈನಿನವರು ಬೇಕಿದ್ದರೆ ಮಂಡ್ಯದಿಂದಾಚೆಯ ಘಟಕಕ್ಕೆ ಹೋಗಬಹುದು ಎಂದು ಆತ ತಣ್ಣಗೆ ಹೇಳಿದ. ನಮ್ಮೂರಿನಿಂದ ಅಲ್ಲಿಗೆ ಮೂರು ಬಸ್ಸು ಬದಲಿಸಬೇಕು. ಓರಗಿತ್ತಿ ನನ್ನ ಕಡೆ ನೋಡಿದಳು. ಅವಳ ಕೈಯಲ್ಲಿದ್ದ ಬಂಡಲ್ ಹಾಗೇ ನಿಂತಿತ್ತು.

ದಿನಾ ಬೆಳಿಗ್ಗೆ ಫಲಿತಾಂಶವನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವ ಕೆಲಸವೂ ನನ್ನ ತಲೆಗೆ ಬಂತು. ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸಿಂಗ್ ವಿಭಾಗದ ಹುಡುಗನೊಬ್ಬ ಪ್ರಿಂಟ್ ತಂದುಕೊಟ್ಟು, ಯಾವ ಕಾಲಮಿಗೆ ಏನರ್ಥ ಎಂದು ಹೇಳಿಕೊಡಲು ಬಂದ. ನನಗೆ ಸಿಟ್ಟು ಬಂತು. ಗಂಟೆಗೊಮ್ಮೆ ಲೆಕ್ಕ ಬರೆಯುವವಳಿಗೆ ಇವನು ಟೇಬಲ್ ಓದಲು ಕಲಿಸುತ್ತಾನಾ ಎಂದುಕೊಂಡು, ಗೊತ್ತು ಹೋಗಪ್ಪ ಅಂದೆ. ಆಡಿದ್ದು, ಗೆದ್ದಿದ್ದು, ಸೋತಿದ್ದು, ಪಾಯಿಂಟು. ನಡುವೆ ಇನ್ನೆರಡು ಕಾಲಂ ಇದ್ದವು. ನಮ್ಮ ಎರಡೂ ದೇಶಗಳ ಮುಂದೆ ಆ ಕಾಲಮಿನಲ್ಲಿ ಬರೀ ಸೊನ್ನೆ. ಬೋರ್ಡಿನಲ್ಲಿ ಜಾಗ ಸಾಲದೆಂದು ಅವೆರಡನ್ನೂ ಬಿಟ್ಟೆ.

ಆಮೇಲಿನ ದಿನಗಳು ಒಂದಕ್ಕಿಂತ ಒಂದು ಕೆಟ್ಟವು. ಕೆಂಪನೋರು ಸೊನ್ನೆಗೆ ಆರು ಸೋತರು, ಒಂದಕ್ಕೆ ಏಳು ಸೋತರು. ನೀಲಿಯೋರೂ ಅಷ್ಟೇ. ಎರಡೂ ಲೈನಿನ ಹೆಂಗಸರು ಕಾರ್ಡ್ ಪಂಚ್ ಮಾಡಿ ಸೀದಾ ಬೋರ್ಡಿನ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ಮಾರ್ಕರಿನ ಮುಚ್ಚಳ ತೆಗೆಯುವ ಮೊದಲೇ ನನ್ನ ಕೈಯಲ್ಲಿನ ಪ್ರಿಂಟಿಗೆ ಇಣುಕುತ್ತಿದ್ದರು. ಕೆಂಪಿಗೆ ಗೆಲುವು ಬಂದ ದಿನ ನೀಲಿಯವರು ಅವರ ನೀರಿನ ಡ್ರಮ್ಮಿನ ಕಡೆ ಹೋಗುವುದನ್ನು ಬಿಟ್ಟರು. ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಪ್ಪಿನಕಾಯಿ ತಿಂದವರು ಬೇರೆ ಬೇರೆ ಮೂಲೆ ಹಿಡಿದು ಕೂತರು. ನಾನೂ ಓರಗಿತ್ತಿಯೂ ವ್ಯಾನಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತಿದ್ದೆವು, ಆದರೆ ಆಟದ ಸುದ್ದಿ ಎತ್ತುತ್ತಿರಲಿಲ್ಲ. ಅವಳು ಮನೆಯ ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆಗೆ ನಾಣ್ಯ ಕಟ್ಟಿ ಊರಮ್ಮನಿಗೆ ಮುಡಿಪು ಇಟ್ಟಿದ್ದನ್ನು ನೋಡಿದೆ. ಅದು ಕೆಂಪನೋರಿಗೆ ಎಂದು ಗೊತ್ತಿತ್ತು. ಒಂದು ದಿನ ಅವಳು ಬಚ್ಚಲಿಗೆ ಹೋದಾಗ ನಾನೂ ಆ ಗೂಡಿನ ಮುಂದೆ ನಿಂತು ನೀಲಿಯೋರಿಗಾಗಿ ಕೈ ಮುಗಿದೆ. ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಕೊನೆಯ ಆಟ ಬಂತು. ಅದು ಬಂದಿದ್ದೇ ಕೆಂಪಿಗೂ ನೀಲಿಗೂ. ಕೆಂಪನೋರಿಗೆ ಆರು ಪಾಯಿಂಟು, ನೀಲಿಯೋರಿಗೆ ಮೂರು. ಉಳಿದ ಆರು ದೇಶಗಳು ಕೈಗೆ ಸಿಗದಷ್ಟು ಮೇಲೆ. ಒಂದು ಗೆಲುವಿಗೆ ಮೂರು ಪಾಯಿಂಟು, ಆದ್ದರಿಂದ ನೀಲಿ ಗೆದ್ದರೆ ಇಬ್ಬರಿಗೂ ಆರು. ಸಮಸಮ ಬಂದರೆ ಇವರಿಬ್ಬರ ಆಟದಲ್ಲಿ ಗೆದ್ದವರೇ ಮೇಲೆ ಎಂದು ಮರ್ಚಂಡೈಸಿಂಗ್ ಹುಡುಗ ಹೇಳಿದ್ದ. ನೀಲಿ ಗೆದ್ದರೆ ಕೆಂಪು ಬಿತ್ತು, ಇಷ್ಟೇ ಲೆಕ್ಕ ಎಂದು ನಾನು ಎರಡೂ ಲೈನಿಗೆ ಸಾರಿದೆ. ಬೋರ್ಡಿನ ಮೇಲೆ ದಪ್ಪಗೆ ಬರೆದೂ ಇಟ್ಟೆ.

ಅವರ ಮಧ್ಯಾಹ್ನ ನಮ್ಮ ಸಂಜೆ. ಕೆಲಸ ಬಿಟ್ಟು ವ್ಯಾನು ಹತ್ತಿದಾಗ ಆಟ ಇನ್ನೂ ನಡೆಯುತ್ತಿತ್ತು, ಎರಡು ಎರಡು. ಮದ್ದೂರು ದಾಟುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಫೋನು ನನ್ನ ಕೈಯಲ್ಲಿ, ಓರಗಿತ್ತಿಯ ಕಣ್ಣು ಫೋನಿನ ಮೇಲೆ. ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಕೆಂಪಗೆ ಬಿದ್ದಿತ್ತು. ಮಳವಳ್ಳಿ ಹತ್ತಿರವಾದಾಗ ಪರದೆ ಅಲ್ಲಾಡಿ ಹೊಸ ಅಂಕಿ ಬಂತು. ನೀಲಿ ಮೂರು, ಕೆಂಪು ಎರಡು, ಆಟ ಮುಗಿದಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಅದನ್ನು ನೋಡಿದೆ, ಆದರೆ ಓದಲಿಲ್ಲ.

“ನಮ್ಮೋರು ಸೋತ್ರಾ ಅಕ್ಕ?”

“ಸೋತ್ರು ಕಣವ್ವ.”

“ಅಂಗಾದ್ರೆ ನಮ್ ಲೈನು?”

“ಮುಗೀತು ಕಣೆ,” ಅಂದೆ.

ಅವಳು ಅಳಲಿಲ್ಲ. ಕೊರಳಿನಲ್ಲಿದ್ದ ಐಡಿ ಕಾರ್ಡು ತೆಗೆದು, ದಾರ ಸುತ್ತಿ, ಊಟದ ಡಬ್ಬಿಯ ಚೀಲದೊಳಗೆ ಇಟ್ಟಳು. ಹಿಂದಿನ ಸೀಟಿನಲ್ಲಿ ನಮ್ಮ ಲೈನಿನ ಒಬ್ಬಳು ಸದ್ದಿಲ್ಲದೆ ಚಾಕಲೇಟು ಹಂಚುತ್ತಿದ್ದಳು. ನಾನೂ ಒಂದು ತೆಗೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ನನಗೆ ಆದದ್ದು ಸಂಕಟವಲ್ಲ, ಸಮಾಧಾನ. ನನ್ನ ಲೈನು ಉಳಿಯಿತು ಎಂಬ ಸಮಾಧಾನ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಗಂಡನಿಗೆ ಹೇಳಿದಳು. ಮುಚ್ಚಿಡುವ ಜಾಣತನ ಅವಳಿಗಿಲ್ಲ. ಮೈದುನ ಮುದ್ದೆ ಮುರಿಯುತ್ತ, “ಒಳ್ಳೇದೇ ಆಯ್ತು ಬುಡು, ಹುಳಕ್ಕೆ ಸೊಪ್ಪಾಕಕ್ಕೆ ಕೈ ಸಾಲ್ದು ಅಂತಿದ್ದೆ,” ಅಂದ. ಕೈ ತೊಳೆದವನೇ ಇನ್‌ಚಾರ್ಜ್‌ಗೆ ಫೋನು ಮಾಡಿ, ನಮ್ಮ ಮನೆಯವಳು ನಾಳೆಯಿಂದ ಬರುವುದಿಲ್ಲ ಎಂದು ತಿಳಿಸಿದ. ನಾನು ಎಲ್ಲರಿಗೂ ಸಾರು ಬಡಿಸುತ್ತಿದ್ದೆ.

ಬೆಳಿಗ್ಗೆ ಒಬ್ಬಳೇ ಹೋದೆ. ಬೋರ್ಡಿನ ಹತ್ತಿರ ನಮ್ಮ ಲೈನಿನವರು ಗುಂಪುಗೂಡಿ ನಿಂತಿದ್ದರು. ಮರ್ಚಂಡೈಸಿಂಗ್ ಹುಡುಗ ಹೊಸ ಪ್ರಿಂಟನ್ನು ನನ್ನ ಕೈಗೆ ಕೊಟ್ಟ. ಕೆಂಪನೋರು ಏಳನೆಯವರು. ನೀಲಿಯೋರು ಎಂಟನೆಯವರು, ಕೊನೆಯವರು. ಗೆದ್ದವರು ಹೇಗೆ ಬಿದ್ದರು ಎಂದು ನಾನು ಅವನ ಮೇಲೆ ರೇಗಿದೆ. ಅವನು ನಾನು ಬಿಟ್ಟಿದ್ದ ಎರಡು ಕಾಲಮಿನ ಮೇಲೆ ಬೆರಳಿಟ್ಟ. ಆಟದ ಅವಧಿಯಲ್ಲಿ ಗೆದ್ದರೆ ಮಾತ್ರ ಮೂರು ಪಾಯಿಂಟು. ಅವಧಿ ಮುಗಿದಾಗ ಇಬ್ಬರೂ ಸಮ ಇದ್ದು, ಹೆಚ್ಚುವರಿ ಆಟದಲ್ಲಿ ಗೆದ್ದರೆ ಎರಡೇ. ಹಾಗೆ ಸೋತವರಿಗೂ ಒಂದು ಪಾಯಿಂಟು ಸಿಗುತ್ತದೆ. ನೀಲಿಯೋರದು ಐದಾಯಿತು, ಕೆಂಪನೋರದು ಏಳಾಯಿತು. “ಮೊದಲ ದಿನವೇ ಹೇಳಕ್ಕೆ ಬಂದೆ ಮೇಡಂ, ನೀವು ಕೇಳಲಿಲ್ಲ,” ಅಂದ.

ಉಳಿದಿದ್ದು ಓರಗಿತ್ತಿಯ ಲೈನು. ಒಡೆಯುವುದು ನನ್ನದು.

ಇನ್‌ಚಾರ್ಜ್ ನನ್ನನ್ನು ಕರೆದ. ನಿನ್ನ ಓರಗಿತ್ತಿಯ ಗಂಡ ರಾತ್ರಿ ಫೋನ್ ಮಾಡಿದ್ದರು, ಆಕೆ ನಿಜವಾಗಿಯೂ ಬಿಟ್ಟಳೇ, ಏನಾದರೂ ತಪ್ಪು ತಿಳಿದು ಹಾಗಂದರೇ ಎಂದು ಕೇಳಿದ. ನಾಳೆ ಬರುವುದಾದರೆ ಜಾಗ ಇಟ್ಟಿರುತ್ತೇನೆ. ಇಲ್ಲದಿದ್ದರೆ ಈಗಲೇ ಒಬ್ಬರನ್ನು ಕೂರಿಸಬೇಕು, ನಿನಗೆ ಓವರ್‌ಲಾಕ್ ಬರುತ್ತದೆ, ನೀನು ಕೂತುಕೋ. ಬೇಡವೆಂದರೆ ನಿನ್ನ ಹೆಸರು ಮಂಡ್ಯದಾಚೆಯ ಪಟ್ಟಿಗೆ ಹೋಗುತ್ತದೆ ಅಂದ.

ನನ್ನ ಫೋನು ಲಾಕರಿನಲ್ಲಿತ್ತು. ಲಾಕರಿನ ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಹತ್ತು ಹೆಜ್ಜೆ ಹೋಗಿ ಒಂದು ಫೋನು ಮಾಡಿದ್ದರೆ ಸಾಕಿತ್ತು. ಮೈದುನ ಒರಟನೇ ಹೊರತು ಕಟುಕನಲ್ಲ, ನಾನು ಕೇಳಿಕೊಂಡಿದ್ದರೆ ಕಳಿಸುತ್ತಿದ್ದನೋ ಏನೋ. ಗಡಿಯಾರದ ಕಡೆ ನೋಡಿದೆ, ಒಂಬತ್ತೂ ಕಾಲು.

“ಬರಾಕಿಲ್ಲ ಸಾರ್,” ಅಂದೆ. “ಬುಟ್ಬುಟ್ಟವ್ಳೆ.”

ಅವಳ ಮಿಷಿನ್ನಿನ ಮುಂದೆ ಕೂತೆ. ಅದರ ಕತ್ತಿನ ಮೇಲೆ ಅವಳು ಅಂಟಿಸಿಟ್ಟಿದ್ದ ಹಣೆಬೊಟ್ಟುಗಳು ಸಾಲಾಗಿದ್ದವು. ಸೀಟಿನ ಮೇಲೆ ಅವಳು ಮನೆಯಿಂದ ತಂದ ಹಳೆಯ ಸೀರೆಯ ಮಡಿಕೆ. ಕೆಂಪು ತೋಳುಗಳ ಬಂಡಲ್ ಬಂತು, ಹೊಲಿಯಲು ಶುರು ಮಾಡಿದೆ. ಕೈಗೆ ಏನೂ ಮರೆತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅವಳು ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಕಾಲಂ, ಹೆಚ್ಚುವರಿ ಆಟ, ಪಾಯಿಂಟು ಎಲ್ಲವನ್ನೂ ವಿವರಿಸಿದೆ. ನನ್ನಿಂದ ತಪ್ಪಾಯಿತು ಎಂದೂ ಹೇಳಿದೆ. ಅವಳ ಜಾಗದಲ್ಲಿ ನನ್ನನ್ನು ಕೂರಿಸಿದರು ಎಂದೆ. ಇನ್‌ಚಾರ್ಜ್ ಕೇಳಿದ್ದನ್ನಾಗಲಿ, ನಾನು ಕೊಟ್ಟ ಉತ್ತರವನ್ನಾಗಲಿ ಹೇಳಲಿಲ್ಲ. ಅವಳು ಕುಡುಗೋಲು ಕೆಳಗಿಟ್ಟು, ಹೆಚ್ಚಿದ ಸೊಪ್ಪನ್ನು ಮೊರಕ್ಕೆ ತುಂಬಿದಳು.

“ಅಂಗಾದ್ರೆ ಅರಕೆ ತೀರಿಸ್ಬೇಕಲ್ಲ ಅಕ್ಕ,” ಅಂದಳು ಆಮೇಲೆ. “ಕೆಂಪನೋರು ಉಳ್ಕಳ್ಲಿ ಅಂತ್ಲೇ ಕಟ್ಟಿದ್ದು. ಅವರು ಉಳ್ಕಂಡ್ರು. ನಾನೂ ಉಳ್ಕಳ್ಲಿ ಅಂತ ಕೇಳ್ಕಳಾದ್ ಮರ್ತೋಯ್ತು.”

ಮಂಗಳವಾರ ಇಬ್ಬರೂ ಊರಮ್ಮನ ಗುಡಿಗೆ ಹೋಗಿ ಮುಡಿಪು ಒಪ್ಪಿಸಿ ಬಂದೆವು. ಅಮ್ಮನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಹಿಂದೊಮ್ಮೆ ಓರಗಿತ್ತಿಗೆ ತಿಳಿಯದಂತೆ ಕೈ ಮುಗಿದವಳೂ ನಾನೇ ಅಲ್ಲವೇ.

ಈಗ ಮತ್ತೆ ಮೇ. ಕೆಂಪನೋರು ಬೇರೊಂದು ಗುಂಪಿನಲ್ಲಿ ಆಡುತ್ತಿದ್ದಾರೆ, ಮತ್ತೆ ಸೋಲುತ್ತಿದ್ದಾರೆ. ಬೋರ್ಡಿನ ಮೇಲೆ ಈಗ ಬೇರೊಬ್ಬಳು ಬರೆಯುತ್ತಾಳೆ, ಎಲ್ಲ ಕಾಲಮನ್ನೂ ಬರೆಯುತ್ತಾಳೆ. ಈ ಸಲ ಬಿದ್ದರೆ ನಾನು ಕೂತಿರುವ ಲೈನೂ ಹೋಗುತ್ತದೆ. ನಿಜ ಹೇಳಬೇಕೆಂದರೆ ಅದಕ್ಕೆ ನಾನು ಅಷ್ಟಾಗಿ ಹೆದರುತ್ತಿಲ್ಲ.

ಮೊನ್ನೆ ಬೆಳಿಗ್ಗೆ ಓರಗಿತ್ತಿ ಊಟದ ಡಬ್ಬಿ ಕೊಡುತ್ತ, “ನೆನ್ನೆ ಸೋತ್ರೂವೆ ಒಂದು ಪಾಯಿಂಟು ಬಂತು ಕಣಕ್ಕ,” ಅಂದಳು. ನನಗೆ ಗಾಬರಿಯಾಯಿತು. ಇಷ್ಟು ದಿನವೂ ಹುಳುವಿನ ಮನೆಯಲ್ಲಿ ಕೂತು ಫೋನಿನಲ್ಲಿ ಒಂದೊಂದು ಆಟವನ್ನೂ ನೋಡಿದ್ದಾಳೆ, ಒಂದೊಂದು ಕಾಲಮನ್ನೂ ಓದಿದ್ದಾಳೆ. ಪರವಾಗಿಲ್ಲವೇ ಎಂದು ನಗಲು ನೋಡಿದೆ. ಅವಳು ನಗಲಿಲ್ಲ.

“ಓದ್ ವರ್ಸ ಕೆಂಪನೋರು ಉಳ್ಕಂಡಿದ್ದು ನಿಂಗೆ ಬೆಳಿಗ್ಗೆ ಎಷ್ಟು ಗಂಟೆಗೆ ಗೊತ್ತಾಗಿದ್ದು ಅಕ್ಕ?”

ಊರ ಬಾಗಿಲಿನಲ್ಲಿ ವ್ಯಾನು ಹಾರನ್ ಹೊಡೆಯಿತು. ಹೊತ್ತಾಯಿತು, ಸಂಜೆ ಹೇಳುತ್ತೇನೆ ಎಂದು ಡಬ್ಬಿ ಕಿತ್ತುಕೊಂಡು ಓಡಿದೆ. ಆ ಸಂಜೆ ಹೇಳಲಿಲ್ಲ, ಮಾರನೆಯ ಸಂಜೆಯೂ ಹೇಳಲಿಲ್ಲ. ಅವಳೂ ಮತ್ತೆ ಕೇಳಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಕೊಡುವಾಗ ಮಾತ್ರ, ನಾನು ಹಿಡಿದ ಮೇಲೂ ಒಂದು ಗಳಿಗೆ ಅವಳು ಕೈ ಬಿಡುವುದಿಲ್ಲ.